ಸೊಕ್ಕೆ ರಸ್ತೆಯ ಸಿಡಿಲು

"ನನ್ನ ಗಂಡನಿಗೆ ಸುಳ್ಳು ಹೇಳಾಕೆ ಬರಾಕಿಲ್ಲ ಸಾಹೇಬ್ರೆ. ಅದಕ್ಕೇ ಸಿಕ್ಕಾಕ್ಕೊಂಡಾನೆ," ಎಂದಳು ಓಬವ್ವ.

ಚನ್ನಗಿರಿಯ ಕೋಟೆ ರಸ್ತೆಯಲ್ಲಿದ್ದ ತಿಪ್ಪೇರುದ್ರಸ್ವಾಮಿಯವರ ಮನೆಯ ಪಡಸಾಲೆ ಅದು. ಸ್ವಾಮಿಯವರು ಮೋಟಾರು ವಾಹನ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಜನರ ಬಾಯಲ್ಲಿ ಮಾತ್ರ ಎಂದೆಂದಿಗೂ ಬ್ರೇಕ್ ಇನ್ಸ್‌ಪೆಕ್ಟರು. ಸೂಳೆಕೆರೆ ಏರಿಯಿಂದ ಉರುಳಿದ ವ್ಯಾನಿನ ಒಗಟನ್ನು ಅವರು ಬಿಡಿಸಿದ ಮೇಲಂತೂ ಸುತ್ತಲಿನ ತಾಲ್ಲೂಕುಗಳಲ್ಲಿ ಕಷ್ಟಕ್ಕೆ ಸಿಕ್ಕವರೆಲ್ಲ ಇವರ ಬಾಗಿಲು ಬಡಿಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಮರುಳಸಿದ್ದಪ್ಪ ಇದ್ದೇ ಇರುತ್ತಿದ್ದ. ಬಟ್ಟೆ ಅಂಗಡಿಯವನು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಸ್ವಾಮಿಯವರ ಬೆನ್ನು ಹತ್ತುವುದೆಂದರೆ ಅವನಿಗೆ ಹೋಳಿಗೆ ಊಟ. ಪ್ರತಿ ಪ್ರಕರಣದಲ್ಲೂ ಅಪರಾಧಿಯನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿಯುವವನು ಅವನೇ. ಪ್ರತಿ ಸಲವೂ ತಪ್ಪು ಮನುಷ್ಯನನ್ನು ಹಿಡಿಯುತ್ತಿದ್ದ, ಅಷ್ಟೇ ತೊಂದರೆ.

ಓಬವ್ವನ ಗಂಡ ಬೀರಲಿಂಗಪ್ಪ, ಹೊನ್ನಾಳಿಯ ಅಕ್ಕಿ ಗಿರಣಿ ಮಾಲೀಕ ಮಹೇಶ್ವರಪ್ಪನವರ ಕಾರಿನ ಡ್ರೈವರು. ಹಿಂದಿನ ಭಾನುವಾರ ಇಬ್ಬರೂ ಜಗಳೂರು ಕಡೆಯ ಸೊಕ್ಕೆಗೆ ಹೋಗಿದ್ದರು. ಮಾರನೆಯ ಬೆಳಿಗ್ಗೆ ಮಹೇಶ್ವರಪ್ಪನವರ ಹೆಣ ಒಂದು ಕೆರೆ ಏರಿಯ ಹಿಂದೆ, ಜಾಲಿ ಗಿಡಗಳ ಮರೆಯಲ್ಲಿದ್ದ ಅವರದೇ ಅಂಬಾಸಿಡರ್ ಕಾರಿನಲ್ಲಿ ಸಿಕ್ಕಿತು. ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಬೀರಲಿಂಗಪ್ಪನನ್ನು ಪೊಲೀಸರು ಹಿಡಿದಿದ್ದರು.

"ಸಿಡಿಲು ಬಿದ್ದು ಗಾಡಿ ಕೆಟ್ಟು ನಿಂತಿತ್ತು, ಮೆಕ್ಯಾನಿಕ್ಕನ್ನ ಕರ್ಕೊಂಡು ಬರಾಕೆ ಜಗಳೂರಿಗೆ ನಡ್ಕೊಂಡು ಹೋಗಿದ್ದೆ ಅಂತಾನೆ. ಭಾನುವಾರ ಅಲ್ವಾ, ಮೆಕ್ಯಾನಿಕ್ ಯಾರೂ ಸಿಗ್ಲಿಲ್ಲ, ಒಬ್ಬನೇ ವಾಪಸ್ ಬರೋದ್ರಾಗೆ ಅಲ್ಲಿ ಗಾಡೀನೇ ಇರ್ಲಿಲ್ಲಂತೆ. ಬೆಳಿಗ್ಗೆ ಪೊಲೀಸ್ರು ಕೀ ತಿರುವಿದ್ರೆ ಗಾಡಿ ಗುರ್ ಅಂತ ಸ್ಟಾರ್ಟ್ ಆತು. ಇನ್ನ ಯಾರು ನಂಬ್ತಾರೆ? ನಾಳೆ ಸಂಜೆ ಚಿತ್ರದುರ್ಗದ ಜೈಲಿಗೆ ಕಳಿಸ್ತಾರಂತೆ. ಅಲ್ಲಿಗೆ ಹೋದೋನು ಮತ್ತೆ ಮನೆ ಮುಖ ನೋಡ್ತಾನಾ ಸಾಹೇಬ್ರೆ?"

"ಗಾಡಿ ನಿಂತಾಗ ಹೆಂಗೆ ನಿಂತಿತು ಅಂತ ಏನಾದ್ರೂ ಹೇಳಿದ್ನೇನವ್ವಾ?"

"ಸೆಲ್ಫ್ ತಿರುಗ್ತಿತ್ತು, ಎಂಜಿನ್ ಹಿಡೀಲಿಲ್ಲ ಅಂದ. ಅದನ್ನೇ ಹೇಳಿದ್ದೇ ಹೇಳ್ತಾನೆ."

ಸ್ವಾಮಿಯವರು ಎದ್ದು ಹೆಗಲ ಮೇಲೆ ವಲ್ಲಿ ಬಟ್ಟೆ ಹಾಕಿಕೊಂಡರು. ಅಂದರೆ ಬಸ್‌ಸ್ಟ್ಯಾಂಡಿಗೆ ಹೊರಟರೆಂದೇ ಅರ್ಥ. ಮರುಳಸಿದ್ದಪ್ಪ ಚಪ್ಪಲಿ ಹುಡುಕಲು ಓಡಿದ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಮರುಳಸಿದ್ದಪ್ಪನ ತೀರ್ಪು ಸಿದ್ಧವಾಗಿತ್ತು. ಓಬವ್ವ ಮುಂದಿನ ಸೀಟಿನಲ್ಲಿ ಕೂತಿದ್ದಳೆಂದು ದನಿ ತಗ್ಗಿಸಿ, "ಸ್ವಾಮೇರೇ, ಆಯಮ್ಮನ್ನ ನೋಡಿದ್ರೆ ಕರುಳು ಚುರುಕ್ ಅಂತತೆ. ಆದ್ರೆ ನಿಂತ ಕಾರು ತಾನೇ ಎದ್ದು ಕೆರೆ ಹಿಂದೆ ಹೋಗಿ ಮಲಗ್ತತಾ?" ಎಂದ.

"ಇಲ್ಲ. ಯಾರೋ ಓಡಿಸ್ಕೊಂಡು ಹೋಗಿದಾರೆ. ಯಾರು ಅನ್ನೋದಷ್ಟೇ ಪ್ರಶ್ನೆ," ಎಂದು ಸ್ವಾಮಿಯವರು ಕಣ್ಣು ಮುಚ್ಚಿದರು.

ಜಗಳೂರು ಠಾಣೆಯ ಸಬ್ ಇನ್ಸ್‌ಪೆಕ್ಟರು ಅವರಿಗೆ ಹಳಬರು. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಲು ಸ್ವಾಮಿಯವರು ಎಷ್ಟೋ ಸಲ ಆ ಅಂಗಳಕ್ಕೆ ಬಂದಿದ್ದರು. ಹಾಗಾಗಿ ಲಾಕಪ್ಪಿನ ಮುಂದೆ ಕುರ್ಚಿ ಸಿಕ್ಕಿತು.

ಬೀರಲಿಂಗಪ್ಪ ಸರಳುಗಳ ಹಿಂದೆ ಮಂಡಿ ತಬ್ಬಿಕೊಂಡು ಕೂತಿದ್ದ. ಹೆಂಡತಿಯನ್ನು ಕಂಡು ಒಮ್ಮೆ ಮುಖ ಮುಚ್ಚಿಕೊಂಡು, ಆಮೇಲೆ ಮಾತಿಗೆ ಶುರುಮಾಡಿದ.

"ಸೊಕ್ಕೇಲಿ ಯಜಮಾನ್ರು ನನ್ನ ಬಸ್‌ಸ್ಟ್ಯಾಂಡಿನಾಗೆ ನಿಲ್ಲಿಸಿ ಒಬ್ರೇ ಯಾವುದೋ ಮನೆಗೆ ಹೋಗಿಬಂದ್ರು. ಬಂದಾಗ ಮುಖ ಕಪ್ಪಿಟ್ಟಿತ್ತು. ಗಾಡಿ ತಿರುಗಿಸು ಅಂದ್ರು, ಇನ್ನೊಂದು ಮಾತಾಡಲಿಲ್ಲ. ದಾರ್ಯಾಗೆ ಒಣ ಗುಡುಗು ಹಿಡ್ಕೊಂತು ನೋಡ್ರಿ. ಹನಿ ಮಳೆ ಇಲ್ಲ, ಮಿಂಚೇ ಮಿಂಚು. ಕಬ್ಬಿಣ ಸಿಡಿಲನ್ನ ಎಳೀತತೆ ಅಂತ ನಮ್ಮಪ್ಪ ಹೇಳ್ತಿದ್ದ. ಗಾಡಿ ನಿಲ್ಲಿಸಿ, ಟೂಲ್ಸ್ ಚೀಲ ತಗಂಡು ದೂರ ಹೊಲಕ್ಕೆ ಬಿಸಾಕಿ ಬಂದೆ."

ಮರುಳಸಿದ್ದಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಗುಡುಗಿದಾಗಲೆಲ್ಲ ಅವನು ಅಂಗಡಿಯ ಕಬ್ಬಿಣದ ಗಜಕೋಲನ್ನು ಬೀದಿಗೆ ಎಸೆದು, ಮರದ ಮಣೆಯ ಮೇಲೆ ಕಾಲು ಮಡಚಿ ಕೂತು, ಅರ್ಜುನನ ಹೆಸರುಗಳನ್ನು ಒಂದೂ ಬಿಡದೆ ಹೇಳುತ್ತಿದ್ದ.

"ಅಲ್ಲಯ್ಯಾ, ಅಷ್ಟು ದೊಡ್ಡ ಕಬ್ಬಿಣದ ಗಾಡಿ ಒಳಗೆ ಕೂತು ಸ್ಪ್ಯಾನರ್ ಬಿಸಾಕಿದ್ಯಾ!" ಎಂದರು ಸ್ವಾಮಿಯವರು. "ಆಮೇಲೆ?"

"ಗ್ಲಾಸು ಏರಿಸ್ಕೊಂಡು ಕೂತ್ವಿ. ಒಳಗೆ ಉಸಿರು ಕಟ್ಟಂಗೆ ಸೆಕೆ. ಹೊರಗೆ ಇಳಿಯಾಕೆ ಧೈರ್ಯ ಇಲ್ಲ. ಗಾಡಿ ಮೆಲ್ಲಗೆ ಬಿಟ್ಟೆ. ಪಕ್ಕದ ಬೇವಿನ ಮರಕ್ಕೆ ಹೊಡೀತು ನೋಡ್ರಿ, ಕಣ್ಣು ಕುರುಡಾದಂಗಾತು. ಸ್ಟೀರಿಯೊದ ಹಾಡೂ ನಿಂತು, ಎಂಜಿನ್ನೂ ನಿಂತು. ಸೆಲ್ಫ್ ಹೊಡೆದೆ, ಹೊಡೆದೆ, ಹಿಡೀಲಿಲ್ಲ. ಬಾನೆಟ್ ಎತ್ತಿ ನೋಡಿದ್ರೆ ನನಗೆ ತಿಳಿಯಂಥದ್ದು ಏನೂ ಕಾಣಲಿಲ್ಲ. ಪೆಟ್ರೋಲ್ ಉಳೀತತೆ ಅಂತ ಯಜಮಾನ್ರ ಅಳಿಯ ಆಗೋ ಧರ್ಮಪ್ಪನೋರು ಎಂಜಿನ್‌ಗೆ ಒಂದು ಪೆಟ್ಟಿಗೆ ಕೂರಿಸಿದ್ರು, ಅದನ್ನ ಮುಟ್ಟಬ್ಯಾಡ ಅಂದಿದ್ರು. ಹೋಗು, ಮೆಕ್ಯಾನಿಕ್ ಕರ್ಕೊಂಡು ಬಾ ಅಂದ್ರು ಯಜಮಾನ್ರು. ನಾನು ಹೊರಟ ಮೇಲೆ ಮಳೆ ಬಂತು. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಸುಳ್ಳ ಅಂತಾರೆ, ಆತು ಅಂದ್ರೆ ಕೊಲೆಗಾರ ಅಂತಾರೆ. ನಾನು ಯಾವ ಕಡೆಗೆ ಹೋಗ್ಲಿ ಸಾಹೇಬ್ರೆ? ಕೂತು ಕೂತು, ನಾನೇ ಏನಾದ್ರೂ ಮಾಡಿ ಮರೆತಿದ್ದೀನಾ ಅಂತ ನನಗೇ ಅನ್ನಿಸಾಕೆ ಹತ್ತೈತೆ."

ಓಬವ್ವ ಸರಳಿನ ಸಂದಿಯಿಂದ ಕೈ ತೂರಿಸಿ ಅವನ ಬಾಯಿ ಮುಚ್ಚಿದಳು.

ಸಬ್ ಇನ್ಸ್‌ಪೆಕ್ಟರ ಲೆಕ್ಕಾಚಾರವೂ ತಳವಿಲ್ಲದ್ದಾಗಿರಲಿಲ್ಲ. "ಟೂಲ್ಸ್ ಚೀಲ ಹೊಲದಲ್ಲಿ ಸಿಕ್ಕಿತು ಸ್ವಾಮೇರೇ. ಒಳಗಿದ್ದ ಜಾಕ್ ರಾಡಿನಿಂದ ಹೊಡೆದು ಬಿಸಾಕಿದಾನೆ ಅಂತ ನಮ್ಮ ಅನುಮಾನ. ಅದಕ್ಕಿಂತ ಹೆಚ್ಚಾಗಿ ಸಾಕ್ಷಿ ಐತೆ. ಸತ್ತವರ ಮಗಳನ್ನ ಮದುವೆ ಆಗೋ ಹುಡುಗನೇ ಹೇಳಿದಾನೆ."

ಚೀಲ ಎತ್ತಿದ ಪೇದೆ ಬಾಗಿಲಲ್ಲೇ ನಿಂತಿದ್ದ. ಸ್ವಾಮಿಯವರು ಅವನನ್ನು ಮಾತಿಗೆಳೆದರು. "ಚೀಲ ಎತ್ತಿದಾಗ ಅಡಿಯಾಗೆ ಹೆಂಗಿತ್ತಪ್ಪಾ ನೆಲ?"

"ಒಣ ಹಿಟ್ಟಿನಂಥ ಮಣ್ಣು ಸಾರ್. ಸುತ್ತ ಎಲ್ಲಾ ಕೆಸರು. ಒಂದೇ ಮಳೆ ಬಂದು ಹೋತು ನೋಡ್ರಿ, ಅವತ್ತಿಂದ ಒಂದು ಹನಿಯಿಲ್ಲ, ಒಂದು ಗುಡುಗಿಲ್ಲ. ಯಜಮಾನ್ರ ಚಪ್ಪಲಿಗೂ ಇಷ್ಟು ದಪ್ಪ ಕೆಸರು ಮೆತ್ತಿತ್ತು."

ಅಷ್ಟರಲ್ಲಿ ಧರ್ಮಪ್ಪನೇ ಬಂದ. ನ್ಯಾಮತಿಯಲ್ಲಿ ರೇಡಿಯೊ, ಟೇಪ್ ರಿಪೇರಿಯ ಅಂಗಡಿ ಇಟ್ಟಿದ್ದವನು, ಲಕ್ಷಣವಾದ ಯುವಕ. ನಿಶ್ಚಿತಾರ್ಥವಾಗಿ ತಿಂಗಳೂ ತುಂಬಿರಲಿಲ್ಲ. ಅತ್ತೂ ಅತ್ತೂ ಅವನ ಕಣ್ಣು ಕೆಂಪಾಗಿದ್ದವು.

"ಜಗಳೂರಿಗೆ ಮೈಕ್‌ಸೆಟ್ ಸಾಮಾನು ಕೊಡಾಕೆ ಮೋಟಾರ್ ಸೈಕಲ್‌ನಾಗೆ ಬಂದಿದ್ದೆ ಸಾರ್. ಮಳೆ ನಿಂತ ಮೇಲೆ ಸೊಕ್ಕೆ ರಸ್ತೆ ಕಡೆ ಬಂದು ನಿಂತಿದ್ದೆ. ಮಾವನವರ ಕಾರು ಬಂದು ಕೆರೆ ಕಡೆ ತಿರುಗ್ತು. ಕೈ ಮಾಡಿದೆ, ನಿಲ್ಲಿಸಲಿಲ್ಲ. ಬೀರಲಿಂಗನೇ ಓಡಿಸ್ತಿದ್ದ. ವಚನದ ಕ್ಯಾಸೆಟ್ಟು ಜೋರಾಗಿ ಹಾಡ್ತಿತ್ತು. ಹಾಡಿಲ್ಲದೆ ಮಾವನವರ ಕಾರು ಎಲ್ಲಿ ಓಡ್ತಿತ್ತು ಹೇಳ್ರಿ? ಆ ಸ್ಟೀರಿಯೊ ನಾನೇ ಹಾಕಿಕೊಟ್ಟಿದ್ದು. ಒಂದು ಸಲ ಹಿಂದೆ ಹೋಗಿ ನೋಡಿದ್ರೆ ಅವರು ಉಳೀತಿದ್ರೇನೋ." ಮಾತು ಮುಗಿಸಲಾಗದೆ ಅವನು ಕರವಸ್ತ್ರಕ್ಕೆ ಕೈ ಹಾಕಿದ.

ಮರುಳಸಿದ್ದಪ್ಪನ ಕಣ್ಣಲ್ಲೂ ನೀರಾಡಿತು. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡ.

ಅವನಿಗೆ ಬೇಕಾದ ಖಳನಾಯಕ ಅರ್ಧ ಗಂಟೆಯೊಳಗೆ ಜೀಪಿನಿಂದ ಇಳಿದ. ಸತ್ತವರ ತಮ್ಮ ನಾಗರಾಜಪ್ಪ: ದೊಡ್ಡ ಮೀಸೆ, ಗಡಸು ದನಿ, ಯಾರ ಮುಖವನ್ನೂ ನೋಡದ ನಡೆ. ನಿಶ್ಚಿತಾರ್ಥದ ದಿನದಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದ.

"ಯಾಕೆ ಬಿಟ್ರಿ?" ಎಂದರು ಸ್ವಾಮಿಯವರು.

"ಹುಡುಗನ ಹಿಂದುಮುಂದು ವಿಚಾರಿಸು ಅಂದೆ. ಅಂಗಡಿ ಇಟ್ಟು ಎರಡು ವರ್ಷ ಆಗಿಲ್ಲ, ಅದಕ್ಕೆ ಮುಂಚೆ ಎಲ್ಲಿದ್ದ ಅಂತ ಯಾರಿಗೂ ಗೊತ್ತಿಲ್ಲ. ಅಣ್ಣ ನನ್ನ ಮೇಲೇ ರೇಗಿದ. ಈಗ ಅದನ್ನೆಲ್ಲ ಕೆದಕಿ ಏನು ಮಾಡ್ತೀರಿ? ಕೊಂದೋನು ಒಳಗದಾನೆ."

ಅವನು ಅತ್ತ ಹೋದದ್ದೇ ತಡ, ಮರುಳಸಿದ್ದಪ್ಪ ಸ್ವಾಮಿಯವರ ತೋಳು ಹಿಡಿದ. "ಇವನೇ! ಕಣ್ಣಾಗೆ ಒಂದು ಹನಿ ನೀರಿಲ್ಲ!"

"ನಿಮ್ಮ ಕಣ್ಣಾಗೆ ಐತಲ್ಲ, ಸಾಕು. ಬರ್ರಿ, ಕಾರು ನೋಡಾನ."

ಕಾರು ಠಾಣೆಯ ಹಿಂದೆ ನಿಂತಿತ್ತು. ಸ್ವಾಮಿಯವರು ಒಳಗೆ ಕೂತು ದೀಪ ಹಾಕಿದರು, ಹಾರ್ನ್ ಒತ್ತಿದರು, ಎಂಜಿನ್ ಚಾಲೂ ಮಾಡಿದರು, ಎಲ್ಲವೂ ಚೆನ್ನಾಗಿತ್ತು. ಸ್ಟೀರಿಯೊದ ಗುಂಡಿ ತಿರುವಿದರು. ಅದಕ್ಕೆ ಜೀವವಿರಲಿಲ್ಲ. ಅದರ ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕಿದರು. ಆಮೇಲೆ ಬಾನೆಟ್ ಎತ್ತಿ ಬಹಳ ಹೊತ್ತು ಬಗ್ಗಿ ನಿಂತರು. ಬೀರಲಿಂಗಪ್ಪ ಹೇಳಿದ್ದ ಪೆಟ್ಟಿಗೆ ಬ್ಯಾಟರಿಯ ಪಕ್ಕದಲ್ಲಿತ್ತು. ಅದಕ್ಕೆ ಎರಡು ಗುಳಿ, ಒಂದು ಪ್ಲಗ್. ಪ್ಲಗ್ ಎಡಗಡೆಯ ಗುಳಿಯಲ್ಲಿತ್ತು. ಸುತ್ತಲೂ ರಸ್ತೆಯ ಧೂಳು ಗಟ್ಟಿಕಟ್ಟಿದ್ದರೂ ಬಲಗಡೆಯ ಖಾಲಿ ಗುಳಿ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

"ಮೂಸಿ ನೋಡ್ರಿ," ಎಂದರು.

ಮರುಳಸಿದ್ದಪ್ಪ ಮೂಗು ತೂರಿಸಿದ. "ಸುಟ್ಟ ವಾಸನೆ. ಏನಿದು?"

"ಸಿಡಿಲಿನ ವಾಸನೆ ಅಂದ್ಕೊಳ್ರಿ," ಎಂದು ಸ್ವಾಮಿಯವರು ಕೈ ಒರೆಸಿಕೊಂಡರು.

ಆ ಮಧ್ಯಾಹ್ನ ಸಬ್ ಇನ್ಸ್‌ಪೆಕ್ಟರ ಜೀಪಿನಲ್ಲಿ ಸೊಕ್ಕೆ ಕಡೆ ಹೋದರು. ರಸ್ತೆಯಂಚಿನ ಬೇವಿನ ಮರ ತುದಿಯಿಂದ ಬುಡದವರೆಗೆ ಸೀಳಿತ್ತು. ಸೊಕ್ಕೆಯಲ್ಲಿ ನಾಲ್ಕು ಜನರನ್ನು ಕೇಳುವಷ್ಟರಲ್ಲಿ ಮಹೇಶ್ವರಪ್ಪನವರು ಹೋಗಿದ್ದ ಮನೆ ಸಿಕ್ಕಿತು. ಮಣ್ಣಿನ ಮಾಳಿಗೆಯ ಬಡ ಮನೆ. ಆದರೆ ಗೂಡಿನಲ್ಲಿ ದೊಡ್ಡ ಟೇಪ್ ರೆಕಾರ್ಡರು, ಅದಕ್ಕೆ ಮನೆಯಲ್ಲೇ ಮಾಡಿದ ಎರಡು ಸ್ಪೀಕರು. ಅಂತರಘಟ್ಟಮ್ಮ ಎಂಬ ಹೆಂಗಸು ಮೊರ ಕೆಳಗಿಟ್ಟು ಎದ್ದು ನಿಂತಳು. ಸ್ವಾಮಿಯವರು ಮರುಳಸಿದ್ದಪ್ಪನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದರು. ತಿರುಗಿ ಬಂದಾಗ ಅವರ ಮುಖವೂ ಕಪ್ಪಿಟ್ಟಿತ್ತು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮರುಳಸಿದ್ದಪ್ಪ ಜಗಳೂರು ಬರುವವರೆಗೂ ಮುನಿಸಿಕೊಂಡು ಕೂತಿದ್ದ.

ಮರುದಿನ ಠಾಣೆಯ ಹಿಂದೆ, ಕಾರಿನ ಸುತ್ತ ಎಲ್ಲರನ್ನೂ ಸೇರಿಸಲಾಯಿತು. ಮಹೇಶ್ವರಪ್ಪನವರ ಹೆಂಡತಿ ನಿರ್ಮಲಮ್ಮ ಹೊನ್ನಾಳಿಯಿಂದ ಬಂದಿದ್ದರು. ಓಬವ್ವನನ್ನು ಕಂಡವರೇ ಮುಖ ತಿರುಗಿಸಿ, ನಾಗರಾಜಪ್ಪನ ಪಕ್ಕ ಕುರ್ಚಿಯಲ್ಲಿ ಕೂತರು. ಧರ್ಮಪ್ಪ ಅವರ ಹಿಂದೆ ನಿಂತ. ಬೀರಲಿಂಗಪ್ಪನನ್ನು ಬೇಡಿ ಹಾಕಿ ಕರೆತಂದರು. ಸಂಜೆಗೆ ಅವನನ್ನು ಚಿತ್ರದುರ್ಗಕ್ಕೆ ಕರೆದೊಯ್ಯಲು ವ್ಯಾನು ಸಿದ್ಧವಾಗಿ ನಿಂತಿತ್ತು.

ಸ್ವಾಮಿಯವರು ಬಾನೆಟ್ಟಿನೊಳಗೆ ಕೈ ಹಾಕಿ ಏನೋ ಮಾಡಿ ಹಿಂದೆ ಸರಿದರು. "ಬೇಡಿ ಬಿಚ್ಚಿಸ್ರಿ ಸಾಹೇಬ್ರೆ. ಬೀರಲಿಂಗಪ್ಪಾ, ಗಾಡಿ ಸ್ಟಾರ್ಟ್ ಮಾಡು."

ಅವನು ಕೂತು ಕೀ ತಿರುವಿದ. ಸೆಲ್ಫ್ ತಿರುಗಿತು, ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಇನ್ನೊಮ್ಮೆ ತಿರುವಿದ. ಮತ್ತೂ ಒಮ್ಮೆ. ಆಮೇಲೆ ಸ್ಟೀರಿಂಗನ್ನು ಎರಡೂ ಕೈಯಿಂದ ಬಡಿದು ಕೂಗಿದ. "ಹಿಂಗೇ! ಅವತ್ತೂ ಹಿಂಗೇ ಆಗಿದ್ದು! ನೋಡ್ರಿ ಅಮ್ಮಾ, ನಾನು ಸುಳ್ಳು ಹೇಳಿಲ್ಲ! ನನಗೆ ತಲೆ ಕೆಟ್ಟಿಲ್ಲ!" ಗಾಡಿ ಚಾಲೂ ಆಗಲಿಲ್ಲವೆಂದು ಡ್ರೈವರೊಬ್ಬ ಹಾಗೆ ನಗುತ್ತ ಅಳುವುದನ್ನು ಮರುಳಸಿದ್ದಪ್ಪ ಜನ್ಮದಲ್ಲಿ ನೋಡಿರಲಿಲ್ಲ.

"ಧರ್ಮಪ್ಪಾ, ನೀವೊಂದು ಕೈ ನೋಡ್ರಿ," ಎಂದರು ಸ್ವಾಮಿಯವರು.

"ನಾನು ರೇಡಿಯೊದವನು ಸಾರ್. ಎಂಜಿನ್ ವಿಚಾರ ನನಗೆ ತಿಳಿಯಲ್ಲ."

ನಿರ್ಮಲಮ್ಮ ತಲೆಯೆತ್ತಿದರು. "ಆ ಪೆಟ್ಟಿಗೆ ನೀನೇ ಕೂರಿಸಿದ್ದಲ್ಲೇನಪ್ಪಾ?"

ಧರ್ಮಪ್ಪ ಕಾರಿನ ಕಡೆ ಬರದೆ ಕರವಸ್ತ್ರ ತೆಗೆದ. ಸ್ವಾಮಿಯವರು ಮಾತು ಎತ್ತಿಕೊಂಡರು.

"ಸಿಡಿಲು ಗಾಡಿಗೇ ಬಡೀಬೇಕು ಅಂತೇನಿಲ್ಲ. ಹತ್ತಿರ ಬಿದ್ರೂ ಸಾಕು, ಗಾಡಿಯ ತಂತಿಗಳಾಗೆ ಒಂದು ಕ್ಷಣ ಕರೆಂಟು ಉಕ್ಕಿ ಹರೀತತೆ. ಒಳಗೆ ಕೂತ ಮನುಷ್ಯರನ್ನ ಆ ಕಬ್ಬಿಣದ ಮೈಯೇ ಕಾಯ್ತತೆ. ಬಲ್ಬು, ಹಾರ್ನು, ಸೆಲ್ಫು ಮೊದ್ದು ಸಾಮಾನು, ತಡ್ಕೊಂತವೆ. ಆದ್ರೆ ಟ್ರಾನ್ಸಿಸ್ಟರ್ ಇರೋ ನಾಜೂಕು ಸಾಮಾನು ಸುಟ್ಟು ಹೋಗ್ತತೆ. ಈ ಗಾಡ್ಯಾಗೆ ಅಂಥವು ಎರಡೇ ಇದ್ವು: ಕಿಡಿ ಹೊಡಿಸೋ ಈ ಹೊಸ ಪೆಟ್ಟಿಗೆ, ಏರಿಯಲ್ ಇರೋ ಸ್ಟೀರಿಯೊ. ಎರಡೂ ಸುಟ್ಟವೆ. ಬೇವಿನ ಮರ ಸೀಳಿದ್ದನ್ನ ನಾವು ಕಣ್ಣಾರೆ ನೋಡಿದ್ವಿ. ಬೀರಲಿಂಗಪ್ಪ ಹೇಳಿದ್ದು ಅಕ್ಷರ ಅಕ್ಷರ ನಿಜ."

"ಮತ್ತೆ ನಮ್ಮ ಕೈಯಾಗೆ ಹೆಂಗೆ ಸ್ಟಾರ್ಟ್ ಆತು?" ಎಂದರು ಸಬ್ ಇನ್ಸ್‌ಪೆಕ್ಟರು.

ಸ್ವಾಮಿಯವರು ಪ್ಲಗ್ಗನ್ನು ಬಲಗಡೆಯಿಂದ ಕಿತ್ತು ಎಡಗಡೆಯ ಗುಳಿಗೆ ಒತ್ತಿ ಕಣ್ಸನ್ನೆ ಮಾಡಿದರು. ಬೀರಲಿಂಗಪ್ಪ ಕೀ ತಿರುವಿದ. ಎಂಜಿನ್ ಒಂದೇ ಏಟಿಗೆ ಹಿಡಿಯಿತು.

"ಪೆಟ್ಟಿಗೆ ಕೆಟ್ರೆ ಹಳೇ ಪದ್ಧತಿಯಾಗೇ ಗಾಡಿ ಓಡ್ಲಿ ಅಂತ ಈ ಅನುಕೂಲ ಮಾಡಿರ್ತಾರೆ. ಇದು ಡ್ರೈವರಿಗೆ ಗೊತ್ತಿರಲಿಲ್ಲ, ಮಾಲೀಕರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಮೆಕ್ಯಾನಿಕ್ಕಿಗಾಗಿ ಜಗಳೂರಿಗೆ ನಡೆಯೋ ಕೆಲ್ಸ ಇರ್ತಿರಲಿಲ್ಲ. ಯಾರೋ ಬಂದು, ಪ್ಲಗ್ ಬದಲಾಯಿಸಿ, ಹೆಣದ ಸಮೇತ ಗಾಡೀನ ಕೆರೆ ಹಿಂದೆ ಬಿಟ್ಟು ಹೋದ್ರು. ಅದನ್ನ ಬಲ್ಲವನು ಅದನ್ನ ಕೂರಿಸಿದವನೊಬ್ಬನೇ."

"ಜಾಕ್ ರಾಡು?"

"ಟೂಲ್ಸ್ ಚೀಲದ ಅಡಿ ನೆಲ ಒಣಗಿತ್ತು. ಅಂದ್ರೆ ಮಳೆಗೆ ಮುಂಚೆ ಅದು ಹೊಲಕ್ಕೆ ಬಿದ್ದಿತ್ತು. ಯಜಮಾನ್ರ ಚಪ್ಪಲಿಗೆ ಕೆಸರಿತ್ತು. ಅಂದ್ರೆ ಮಳೆ ಬಂದ ಮೇಲೂ ಅವರು ಬದುಕಿ ಓಡಾಡಿದಾರೆ. ಆ ಚೀಲಕ್ಕೂ ಕೊಲೆಗೂ ಸಂಬಂಧ ಇಲ್ಲ. ಹೊಡೆದದ್ದು ರಸ್ತೆ ಬದಿಯ ಕಲ್ಲಿನಿಂದ ಇರಬೇಕು."

"ಬರೀ ಊಹೆ!" ಎಂದ ಧರ್ಮಪ್ಪ. "ಬೀರಲಿಂಗ ಓಡಿಸ್ಕೊಂಡು ಹೋಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ."

"ಹಾಡೂ ಕೇಳಿದ್ರಿ, ಅಲ್ಲವಾ?"

ಧರ್ಮಪ್ಪ ಹೌದೆಂದು ತಲೆಯಾಡಿಸಿದ.

"ಮಳೆ ನಿಂತ ಮೇಲೆ ಕಾರು ಹಾಡ್ತಾ ಹೋತು ಅಂದ್ರಿ. ಮಳೆಗೆ ಮುಂಚೆಯೇ ಆ ಸ್ಟೀರಿಯೊ ಸುಟ್ಟಿತ್ತು. ಅವತ್ತಿಂದ ಈ ಸೀಮೆಯಾಗೆ ಇನ್ನೊಂದು ಗುಡುಗಿಲ್ಲ. ಆ ಕಾರು ಹಾಡಿಲ್ಲದೆ ಓಡಿದ್ದನ್ನ ನೀವು ಕಂಡವರಲ್ಲ, ಅದಕ್ಕೇ ಸುಳ್ಳು ಕಟ್ಟುವಾಗ ಹಾಡನ್ನೂ ಸೇರಿಸಿಬಿಟ್ರಿ. ಹೆಣ ಪಕ್ಕದಾಗೆ ಇಟ್ಕೊಂಡು ಓಡಿಸುವಾಗ ಸ್ಟೀರಿಯೊ ಮುಟ್ಟಿ ನೋಡೋ ಮನಸ್ಸು ಯಾರಿಗಿರ್ತತೆ?"

"ನಾನ್ಯಾಕೆ ಕೊಲ್ಲಲಿ? ನನ್ನ ಮಾವ ಅವರು!"

ಸ್ವಾಮಿಯವರು ಠಾಣೆಯ ಬಾಗಿಲ ಕಡೆ ತಿರುಗಿ, "ಬಾರವ್ವಾ," ಎಂದರು. ಅಂತರಘಟ್ಟಮ್ಮ ಹೊರಗೆ ಬಂದಳು. ಕೊರಳಲ್ಲಿ ತಾಳಿಯಿತ್ತು. ಧರ್ಮಪ್ಪ ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಹೋದ, ಹಿಂದೆ ಪೇದೆಗಳಿದ್ದರು.

"ಆ ಯಜಮಾನ್ರು ಬಂದು, ನಿನ್ನ ಗಂಡನ ಹೆಸರೇನವ್ವಾ ಅಂದ್ರು. ಹೇಳಿದೆ. ಕೂತೋರು ಎದ್ದು ಹೋದ್ರು," ಎಂದಳು ಅವಳು. "ಅವರ ಬೆನ್ನಿಗೇ ನೀನು ಬಂದೆ. ಯಾರು ಬಂದಿ­ದ್ರು ಅಂದೆ, ನೀರೂ ಕುಡೀದೆ ಮೋಟಾರ್ ಸೈಕಲ್ ತಿರುಗಿಸಿದೆ. ಈಗ ಎಲ್ಲರ ಮುಂದೆ ಹೇಳು, ನನ್ನ ಮದುವೆ ಯಾವತ್ತು ಮುರೀತು?"

ಧರ್ಮಪ್ಪ ನೆಲಕ್ಕೆ ಕುಸಿದ. "ಊರಿಗೆಲ್ಲ ಹೇಳ್ತೀನಿ ಅಂದ್ರು. ಕೈ ಮುಗಿದೆ, ಕಾಲು ಹಿಡಿದೆ, ಕೇಳಲಿಲ್ಲ," ಎಂದಷ್ಟೇ ಹೇಳಿದ. ನಾಗರಾಜಪ್ಪ ಮುಷ್ಟಿ ಬಿಗಿದು ಮುಂದೆ ಬಂದವನು ಅರ್ಧಕ್ಕೆ ನಿಂತು, ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಮರುಳಸಿದ್ದಪ್ಪನಿಗೆ ತನ್ನ ತೀರ್ಪು ನೆನಪಾಗಿ, ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಧರ್ಮಪ್ಪನನ್ನು ಒಳಗೆ ಕರೆದೊಯ್ದ ಮೇಲೆ ನಿರ್ಮಲಮ್ಮ ಎದ್ದು ಕಾರಿನ ಹತ್ತಿರ ಬಂದರು. ಬೀರಲಿಂಗಪ್ಪ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದ.

"ನಿನ್ನ ಕೈ ಸೇದಿಹೋಗ್ಲಿ ಅಂತ ಶಾಪ ಹಾಕಿದ್ದೆ ಕಣೋ. ಮನಸ್ಸಿನಾಗೆ ಇಟ್ಕೋಬ್ಯಾಡ," ಎಂದರು. "ನಡಿ, ಮನೆಗೆ ಹೋಗಾನ. ನೀನೇ ಓಡಿಸು."

ಅವನು ಕೀ ತೆಗೆದು ಕೆಳಗಿಳಿದ. ಅವರ ಮುಖ ನೋಡದೆ ಕೀಯನ್ನು ಬಾನೆಟ್ಟಿನ ಮೇಲಿಟ್ಟ. "ಆಗಾಕಿಲ್ಲ ಅಮ್ಮಾ. ಇದರೊಳಗೆ ಕೂತ್ರೆ ಉಸಿರು ಕಟ್ತತೆ. ನಾನು, ಓಬವ್ವ ಬಸ್ಸಿಗೆ ಬರ್ತೀವಿ."

ನಾಗರಾಜಪ್ಪ ತನ್ನ ಜೀಪಿನ ಬಾಗಿಲು ತೆರೆದು ಹಿಡಿದಿದ್ದ. ನಿರ್ಮಲಮ್ಮ ಅತ್ತ ಹೋಗಲಿಲ್ಲ.

ದಾವಣಗೆರೆ ಬಸ್ಸಿನಲ್ಲಿ ಅಂದು ನಿಲ್ಲಲೂ ಜಾಗವಿರಲಿಲ್ಲ. ಹಿಂದೆ ಕಂಬ ಹಿಡಿದು ನೇತಾಡುತ್ತಿದ್ದ ಮರುಳಸಿದ್ದಪ್ಪ ಜನರ ಸಂದಿಯಿಂದ ನೋಡಿದ. ಬೀರಲಿಂಗಪ್ಪ ಕಿಟಕಿಯ ಗ್ಲಾಸನ್ನು ಪೂರ್ತಿ ಸರಿಸಿ ಗಾಳಿಗೆ ಮುಖ ಕೊಟ್ಟು ನಿದ್ದೆ ಹೋಗಿದ್ದ. ಅವನ ಪಕ್ಕದಲ್ಲಿ ಓಬವ್ವ. ಓಬವ್ವನ ಪಕ್ಕದಲ್ಲಿ, ಸೀಟಿನ ತುದಿಗೆ ಹೇಗೋ ಕೂತಿದ್ದ ನಿರ್ಮಲಮ್ಮ, ಬಸ್ಸು ಕುಲುಕಿದಾಗಲೆಲ್ಲ ಅವಳ ಕೈ ಹಿಡಿದುಕೊಳ್ಳುತ್ತಿದ್ದರು.